ಮಕ್ಕಳಿಲ್ಲದ ಶಾಲೆಯ ಊರು ಫೈಲಕ

ಕುವೈತ್ ನಗರದಿಂದ ಸುಮಾರು 20 ಕಿ.ಮೀ. ದೂರದ ಕಡಲಲ್ಲಿ ಫೈಲಕ ದ್ವೀಪವಿದೆ. ವಿಸ್ತೀರ್ಣ ಸುಮಾರು 43 ಚದರ ಕಿ.ಮೀ.; ಮುಖ್ಯ ಊರು ಪಶ್ಚಿಮದ ಜೋರ್. 1990ರವರೆಗೆ ಇಲ್ಲಿ ಎರಡು ಸಾವಿರದಷ್ಟು ಜನರಿದ್ದರು. ಬ್ಯಾಂಕು, ಅಂಗಡಿ, ಸರ್ಕಾರಿ ಶಾಲೆ ಎಲ್ಲವೂ ಇದ್ದವು.

ಈ ಮಣ್ಣಿನಲ್ಲಿ ಅಕ್ಷರಕ್ಕೆ ನಾಲ್ಕು ಸಾವಿರ ವರ್ಷದ ಹಳಮೆಯಿದೆ. 1958ರಲ್ಲಿ ಡೆನ್ಮಾರ್ಕಿನ ತಂಡ ಉತ್ಖನನ ಆರಂಭಿಸಿದ ಮೇಲೆ ದಿಲ್ಮುನ್ ಎಂಬ ಪ್ರಾಚೀನ ನಾಗರಿಕತೆಯ ಕಾಲದ ನೂರಾರು ಮುದ್ರೆಗಳು ಸಿಕ್ಕವು. ಇನ್‌ಜಾಕ್ ದೇವರ ಹೆಸರು ಕೆತ್ತಿದ ಬರಹಗಳೂ ದೊರೆತವು. ಅಲೆಕ್ಸಾಂಡರನ ನಂತರ ಬಂದ ಗ್ರೀಕರು ಇಲ್ಲಿ ಕೋಟೆ ಕಟ್ಟಿ, ಶಾಸನವನ್ನೂ ನಿಲ್ಲಿಸಿದರು. ದ್ವೀಪವನ್ನು ಅವರು ಕರೆದದ್ದು ಇಕಾರೋಸ್ ಎಂದು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಖಿಜ್ರ್ ತಾಣದಲ್ಲಿ. ಖಿಜ್ರ್ ಸಾವಿಲ್ಲದ ಸಂತ, ನೀರಿನ ಮೇಲೆ ಹೋಗುವವರನ್ನು ಕಾಯುವವನು ಎಂದು ನಂಬಿಕೆ. ನಮ್ಮ ದೇಶದಲ್ಲೂ ಖ್ವಾಜಾ ಖಿಜ್ರ್ ಎಂದು ಅವನನ್ನು ನೆನೆಯುವ ದೋಣಿಯವರಿದ್ದಾರೆ. ಫೈಲಕದ ದಡದ ದಿಬ್ಬದ ಮೇಲೆ ಅವನ ಪುಟ್ಟ ಗುಡಿಯಿತ್ತು. ಮಕ್ಕಳಿಲ್ಲದ ಹೆಂಗಸರು ಕಡಲು ದಾಟಿ ಬಂದು ಹರಕೆ ಹೊರುತ್ತಿದ್ದರು. ಇಂಥ ಆರಾಧನೆ ಧರ್ಮಸಮ್ಮತವಲ್ಲ ಎಂಬ ಆಕ್ಷೇಪ ಬಲವಾಗಿ, ಗುಡಿಯನ್ನು ಕೆಡವಲಾಯಿತು. 2004ರಿಂದ ಕುವೈತ್ ಮತ್ತು ಸ್ಲೊವಾಕಿಯಾದ ತಜ್ಞರು ಖಿಜ್ರ್ ಪ್ರದೇಶದಲ್ಲಿ ಅಗೆದಾಗ ದಿಲ್ಮುನ್ ಕಾಲದ ವಸತಿಯೇ ಹೊರಬಂತು. ಆ ವಸತಿಯ ಹಡಗುಗಳು ತಂಗುತ್ತಿದ್ದ ದಡದಲ್ಲೇ ಹಡಗಿನವರನ್ನು ಕಾಯುವ ಸಂತನೂ ನೆಲೆಸಿದ್ದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

ಶಾಲೆಯ ವಿಷಯಕ್ಕೆ ಬರೋಣ. ಕುವೈತಿನ ಮೊದಲ ವ್ಯವಸ್ಥಿತ ಶಾಲೆ ಮುಬಾರಕಿಯಾ 1911ರಲ್ಲಿ ವ್ಯಾಪಾರಿಗಳ ದೇಣಿಗೆಯಿಂದ ಆರಂಭವಾಯಿತು. 1936ರಲ್ಲಿ ಶಿಕ್ಷಣ ಮಂಡಳಿ ಬಂತು. 1965ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನಾಯಿತು. ಆ ಅಲೆ ಫೈಲಕಕ್ಕೂ ತಲುಪಿ, ಬೆಸ್ತರ ಮಕ್ಕಳು ಬೆಂಚಿನ ಮೇಲೆ ಕುಳಿತರು.

1990ರ ಆಗಸ್ಟ್ 2ರಂದು ಇರಾಕಿ ಸೈನ್ಯ ಕುವೈತಿಗೆ ನುಗ್ಗಿತು. ಫೈಲಕದ ಜನರನ್ನು ಹೊರಹಾಕಿ ದ್ವೀಪವನ್ನು ಸೈನಿಕ ನೆಲೆ ಮಾಡಿಕೊಂಡಿತು. ಅದೇ ದಿನಗಳಲ್ಲಿ ಕುವೈತ್ ಬಿಟ್ಟ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಜೋರ್ಡಾನಿನ ಅಮ್ಮಾನಿನಿಂದ ವಿಮಾನಗಳು ಊರಿಗೆ ತಂದವು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ನೆನಪು ಇನ್ನೂ ಹಸಿಯಾಗಿದೆ. ಯುದ್ಧ ಮುಗಿದ ಮೇಲೆ ನಮ್ಮವರಲ್ಲಿ ಅನೇಕರು ಕೆಲಸಕ್ಕೆ ಮರಳಿದರು. ಫೈಲಕದವರು ಮಾತ್ರ ಮರಳಲಿಲ್ಲ. ಸಿಡಿಗುಂಡುಗಳನ್ನು ತೆಗೆದ ಮೇಲೂ ಊರು ಮತ್ತೆ ತುಂಬಲಿಲ್ಲ. ಪರಿಹಾರ ಪಡೆದ ಕುಟುಂಬಗಳು ಮುಖ್ಯಭೂಮಿಯಲ್ಲೇ ನೆಲೆಗೊಂಡವು. ಗುಂಡೇಟಿನ ಗುರುತು ಹೊತ್ತ ಬ್ಯಾಂಕಿನ ಗೋಡೆಗಳ ಚಿತ್ರವನ್ನು ಪ್ರವಾಸಿಗರು ತೆಗೆಯುತ್ತಾರೆ. ಶಾಲೆ ಖಾಲಿಯಾಗಿದೆ.

ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಕಳೆದುಕೊಂಡವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. ಶಾಲೆ ಮುಚ್ಚಿದ ಊರಿಗೆ ಮುಂದಿನ ತಲೆಮಾರಿಲ್ಲ. ದಿಲ್ಮುನ್ ಮುದ್ರೆಗಳಿಗೆ ವಸ್ತುಸಂಗ್ರಹಾಲಯವಿದೆ, ಗ್ರೀಕರ ಕಲ್ಲಿಗೆ ವಿದ್ವಾಂಸರಿದ್ದಾರೆ. ಇಲ್ಲಿ ಓದಿದ ಮಕ್ಕಳ ಹೆಸರು, ಪಾಠ ಹೇಳಿದವರ ಹೆಸರು ಮಾತ್ರ ವಯಸ್ಸಾದವರ ನೆನಪಿನಲ್ಲಷ್ಟೇ ಉಳಿದಿವೆ. 1990ಕ್ಕೆ ಮುನ್ನ ಫೈಲಕದಲ್ಲಿ ದುಡಿದ ಕನ್ನಡಿಗರು ನಿಮ್ಮ ಮನೆಯಲ್ಲಿದ್ದರೆ, ಅವರು ಕಂಡದ್ದನ್ನು ಇಂದೇ ಬರೆಸಿಕೊಳ್ಳಿ. ಹಳೆಯ ಫೋಟೊಗಳ ಹಿಂದೆ ಹೆಸರು, ವರ್ಷ ಬರೆದಿಡಿ.