ಕುದುರೆಯ ಮೇಲೆ ಬಂದ ಸಂವಿಧಾನ



1787ರ ಸೆಪ್ಟೆಂಬರ್ 17ರಂದು ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಬಿತ್ತು. ಅಲ್ಲಿಗೆ ಮುಗಿಯಲಿಲ್ಲ. 13 ರಾಜ್ಯಗಳಲ್ಲಿ 9 ಒಪ್ಪಿದರೆ ಮಾತ್ರ ಅದು ಜಾರಿ. ಒಪ್ಪುವವರು ರಾಜ್ಯರಾಜ್ಯಗಳ ವಿಶೇಷ ಸಭೆಗಳು. ಮುಂದಿನ ಹತ್ತು ತಿಂಗಳು ನಡೆದದ್ದು ಭಾಷಣಗಳಷ್ಟೇ ಅಲ್ಲ, ಪತ್ರಗಳ ಯುದ್ಧ.

ಆಗ ತಂತಿ ಇಲ್ಲ, ರೈಲಿಲ್ಲ. ಪತ್ರವೂ ಗುಟ್ಟಾಗಿ ಉಳಿಯುವ ಭರವಸೆಯಿಲ್ಲ. ಜಾರ್ಜ್ ವಾಷಿಂಗ್ಟನ್ ಗೆಳೆಯರೊಬ್ಬರಿಗೆ ಖಾಸಗಿಯಾಗಿ ಬರೆದ ನಾಲ್ಕು ಮಾತು ಪತ್ರಿಕೆಯಲ್ಲಿ ಅಚ್ಚಾಗಿ ಊರೂರು ಸುತ್ತಿತು. ಅವರಿಗೆ ಬಹಳ ಬೇಸರವಾಯಿತಂತೆ. ದೊಡ್ಡವರ ಪತ್ರಕ್ಕೆ ಅದೇ ಗತಿ!

1788ರ ಜೂನ್ 17ರಂದು ನ್ಯೂಯಾರ್ಕ್ ರಾಜ್ಯದ ಸಭೆ ಪೊಕಿಪ್ಸಿ ಎಂಬ ಊರಲ್ಲಿ ಸೇರಿತು. ವಿರೋಧಿಗಳು 46, ಪರವಾದವರು 19. ಸೋಲು ಕಣ್ಣೆದುರಿಗೇ ಇತ್ತು. ಪರ ಪಕ್ಷದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಒಂದು ಉಪಾಯ ಮಾಡಿದ್ದ. ನ್ಯೂಹ್ಯಾಂಪ್‌ಶೈರ್, ವರ್ಜೀನಿಯಾಗಳಲ್ಲಿ ಗೆದ್ದ ಸುದ್ದಿ ಬಂದರೆ ಇಲ್ಲಿನವರ ಮನಸ್ಸು ಅಲುಗಾಡೀತು ಎಂದು ವಿಶೇಷ ಸವಾರರನ್ನು ಗೊತ್ತು ಮಾಡಿಸಿದ. ಖರ್ಚಿನ ಚಿಂತೆ ಬೇಡವೆಂದೂ ಬರೆದಿದ್ದ. ನ್ಯೂಹ್ಯಾಂಪ್‌ಶೈರ್ ಜೂನ್ 21ರಂದು ಒಪ್ಪಿ ಒಂಬತ್ತನೆಯದಾಯಿತು. ವರ್ಜೀನಿಯಾ 25ರಂದು 89-79ರಿಂದ ಒಪ್ಪಿತು. ಆ ಸುದ್ದಿ ಪೊಕಿಪ್ಸಿ ತಲುಪಿದ್ದು ಜುಲೈ 2ರಂದು.

ವಿರೋಧಿಗಳೂ ಸುಮ್ಮನೆ ಕೂತಿರಲಿಲ್ಲ. ನ್ಯೂಯಾರ್ಕಿನ ಜಾನ್ ಲ್ಯಾಂಬ್ ಮೇ ತಿಂಗಳಲ್ಲಿ, ಮೊದಲು ತಿದ್ದುಪಡಿ, ಆಮೇಲೆ ಒಪ್ಪಿಗೆ ಎನ್ನೋಣ ಬನ್ನಿ ಎಂದು ಹಲವು ರಾಜ್ಯಗಳಿಗೆ ಬರೆದ. ಆದರೆ ದಕ್ಷಿಣ ಕೆರೊಲಿನಾಕ್ಕೆ ಆ ಪತ್ರ ಹೋಗುವಷ್ಟರಲ್ಲಿ ಅಲ್ಲಿ ಮತದಾನವೇ ಮುಗಿದಿತ್ತು. ಅವರ ವಾದವೇನೂ ಸಡಿಲವಾಗಿರಲಿಲ್ಲ. ನಾಗರಿಕರ ಹಕ್ಕುಗಳ ಪಟ್ಟಿಯೇ ಇಲ್ಲದ ಸಂವಿಧಾನವನ್ನು ಹೇಗೆ ನಂಬುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ತಡವಾದದ್ದು ಅವರ ಅಂಚೆ.

ಜುಲೈ ನಡುವಿಗೆ ಹೊಸ ತೊಡಕು. ಈಗ ಸೇರುತ್ತೇವೆ, ಕೆಲವು ವರ್ಷಗಳಲ್ಲಿ ತಿದ್ದುಪಡಿ ಆಗದಿದ್ದರೆ ಹೊರಗೆ ಹೋಗುವ ಹಕ್ಕು ನಮಗಿರಲಿ ಎಂಬ ಮಾತೆದ್ದಿತು. ಇದಕ್ಕೆ ಒಪ್ಪಬಹುದೇ ಎಂದು ಹ್ಯಾಮಿಲ್ಟನ್, ನ್ಯೂಯಾರ್ಕ್ ನಗರದಲ್ಲಿದ್ದ ಜೇಮ್ಸ್ ಮ್ಯಾಡಿಸನ್‌ನನ್ನು ಕೇಳಿದ. ಜುಲೈ 20ರಂದೇ ಉತ್ತರ ಬರೆದ ಮ್ಯಾಡಿಸನ್, ಖಂಡಿತ ಸಲ್ಲದು ಎಂದ. ಒಪ್ಪಿಗೆ ಇಡಿಯಾಗಿರಬೇಕು, ಶಾಶ್ವತವಾಗಿರಬೇಕು. ಷರತ್ತು ಹಾಕಿ ಬಂದವರು ಒಕ್ಕೂಟದ ಸದಸ್ಯರೇ ಆಗಲಾರರು ಎಂಬುದು ಅವನ ನಿಲುವು. ನಾಲ್ಕು ದಿನ ಕಳೆದು ಹ್ಯಾಮಿಲ್ಟನ್ ಆ ಪತ್ರವನ್ನು ಸಭೆಯಲ್ಲೇ ಓದಿದ.

ಅಷ್ಟರಲ್ಲಿ ವಿರೋಧಿಗಳ ಸಾಲಿನ ಸ್ಯಾಮ್ಯುಯೆಲ್ ಜೋನ್ಸ್ ಹೇಳಿದ ಒಂದು ತಿದ್ದುಪಡಿ ದಾರಿ ಬಿಡಿಸಿತ್ತು. ಒಪ್ಪಿಗೆಯ ಕರಡಿನಲ್ಲಿ 'ಷರತ್ತಿನ ಮೇಲೆ' ಎಂದಿದ್ದುದು 'ವಿಶ್ವಾಸದಿಂದ' ಎಂದಾಯಿತು. ಜುಲೈ 26ರಂದು 30-27. ಮೂರೇ ಮತ! ತಿದ್ದುಪಡಿಗಾಗಿ ಇನ್ನೊಂದು ಸಭೆ ಕರೆಯೋಣ ಎಂದು ಉಳಿದ ರಾಜ್ಯಗಳಿಗೆ ಸುತ್ತೋಲೆಯೊಂದು ಅಲ್ಲಿಂದಲೇ ಹೊರಟಿತು. ಆ ಸಭೆ ಸೇರಲೇ ಇಲ್ಲ. ವಿರೋಧಿಗಳು ಕೇಳುತ್ತಿದ್ದ ಹಕ್ಕುಗಳ ಪಟ್ಟಿಯನ್ನು 1789ರಲ್ಲಿ ಕಾಂಗ್ರೆಸ್ಸಿನ ಮುಂದೆ ತಂದವನು ಮ್ಯಾಡಿಸನ್ನೇ.