ಮುಚ್ಚಿದ ಪಟ್ಟಿ ಮತ್ತು ಠಾಣೆಯ ಮನೋಧರ್ಮ: ಕಲಂ 36ಎ ಹಿನ್ನೆಲೆಯಲ್ಲಿ ಲೈಂಗಿಕ ಅಪರಾಧಿಗಳ ನೋಂದಣಿ

ಲೈಂಗಿಕ ಅಪರಾಧಿಗಳ ನೋಂದಣಿಯ ಬಗ್ಗೆ ಪೊಲೀಸರ, ನ್ಯಾಯಾಡಳಿತದವರ ನಿಲುವೇನು ಎಂಬ ಅಧ್ಯಯನ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1996ರ ಮೇಗನ್ ಕಾಯ್ದೆಯ ನಂತರ ಪಟ್ಟಿ ಜನರ ಕೈಗೂ ಸಿಕ್ಕಿತು. ಟ್ಯೂಕ್ಸ್‌ಬರಿ, ಮಸ್ಟೇನ್ ಮೊದಲಾದ ಸಂಶೋಧಕರು ಪ್ರಶ್ನಾವಳಿಗಳ ಮೂಲಕ ಅಧಿಕಾರಿಗಳ ಅಭಿಪ್ರಾಯ ಸಂಗ್ರಹಿಸಿದರು. ಪೊಲೀಸರಿಗಷ್ಟೇ ತಿಳಿದ ನೋಂದಣಿಯಿಂದ ಅಪರಾಧ ತಗ್ಗಬಹುದು, ಊರಿಗೆಲ್ಲ ಸಾರುವುದರಿಂದ ನೋಂದಾಯಿತರ ಮರು-ಅಪರಾಧ ತಗ್ಗದು ಎಂದು ಪ್ರೆಸ್ಕಾಟ್ ಮತ್ತು ರಾಕಾಫ್ 2011ರಲ್ಲಿ ವಾದಿಸಿದರು.

2018ರ ಸೆಪ್ಟೆಂಬರ್ 20ರಂದು ಆರಂಭವಾದ, ಲೈಂಗಿಕ ಅಪರಾಧಿಗಳ ನಮ್ಮ ರಾಷ್ಟ್ರೀಯ ದತ್ತಸಂಚಯ ಶಿಕ್ಷೆಗೊಳಗಾದವರದು. ಮೊದಲ ದಿನವೇ ಅದರಲ್ಲಿ ಸುಮಾರು 4.4 ಲಕ್ಷ ನಮೂದುಗಳಿದ್ದವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ನಿರ್ವಹಿಸುವ ಅದನ್ನು ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು. ಮುಚ್ಚಿದ ಪಟ್ಟಿಯಾದ್ದರಿಂದ ಪಟ್ಟಿ ಬಹಿರಂಗವಾಗಿ ಅಮೆರಿಕದಲ್ಲಾದ ಅನಾಹುತಗಳು ಇಲ್ಲಿಲ್ಲ ಎಂಬ ಸಮರ್ಥನೆಯನ್ನು ನಾನು ಒಪ್ಪಲಾರೆ.

ನಮ್ಮ ಪೊಲೀಸರ ನಿಲುವಿಗೆ ಪ್ರಶ್ನಾವಳಿಗಿಂತ ಗಟ್ಟಿಯಾದ ಸಾಕ್ಷ್ಯ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ ಇದೆ. 2011ರಲ್ಲಿ ಸೇರಿದ ಕಲಂ 36ಎ, ಬಾಲಕರ ಅಪಹರಣ, ಅಸ್ವಾಭಾವಿಕ ಅಪರಾಧ ಮುಂತಾದವುಗಳ ಗುಮಾನಿಯಿರುವ ಹಿಜಡಾ ಸಮುದಾಯದವರ ಹೆಸರು, ವಾಸಸ್ಥಳಗಳ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೆ ಕೊಟ್ಟಿತು. ಶಿಕ್ಷೆಯಾಗಿರಬೇಕಿಲ್ಲ, ಗುಮಾನಿ ಸಾಕು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗವನ್ನು ಪಕ್ಕದಲ್ಲಿಟ್ಟು ಓದಿದರೆ ಎರಡರ ಒಕ್ಕಣೆ ಬಹುಪಾಲು ಒಂದೇ. ಈ ಕಲಮನ್ನು ಪ್ರಶ್ನಿಸಿ ಸಮುದಾಯ ಹೈಕೋರ್ಟ್ ಮೆಟ್ಟಿಲೇರಿತು. 2016ರ ತಿದ್ದುಪಡಿ ಮಾಡಿದ್ದಿಷ್ಟೆ: ಕಲಮಿನಿಂದ ಸಮುದಾಯದ ಹೆಸರು ತೆಗೆದು ‘ವ್ಯಕ್ತಿಗಳು’ ಎಂದು ಸೇರಿಸಿತು. ರಿಜಿಸ್ಟರ್ ಉಳಿಯಿತು, ಈಗ ಅದು ಯಾರಿಗೂ ಅನ್ವಯಿಸಬಹುದು.

ಇದರಿಂದ ನಾನು ಊಹಿಸುವುದು, ಊಹೆ ಎಂದೇ ಒತ್ತಿ ಹೇಳುತ್ತೇನೆ: ನೋಂದಣಿಗೆ ನಮ್ಮ ಪೊಲೀಸ್ ವ್ಯವಸ್ಥೆಯ ಒಲವು ಲೈಂಗಿಕ ಅಪರಾಧದ ಅರಿವಿನಿಂದ ಹುಟ್ಟಿದ್ದಲ್ಲ, ರೌಡಿ ಶೀಟ್, ಎಂಒಬಿ (ಅಪರಾಧ ವಿಧಾನಗಳನ್ನು ದಾಖಲಿಸುವ ವಿಭಾಗ) ಆಸಾಮಿಗಳ ಕಡತಗಳ ರೂಢಿಯಿಂದ ಬಂದದ್ದು. ಕಾನೂನಿನ ಪಠ್ಯವನ್ನು ಅಧಿಕಾರಿಗಳ ಮನಸ್ಸೆಂದು ಓದುವುದರಲ್ಲಿ ಅಪಾಯವಿದೆ. ಶಿಕ್ಷಿತರ ಪಟ್ಟಿ ಬೇರೆ, ಶಂಕಿತರ ರಿಜಿಸ್ಟರ್ ಬೇರೆ ಎಂಬುದೂ ನಿಜ. ಆದರೆ ಎರಡನ್ನೂ ಬಳಸುವ ಕೈ ಒಂದೇ. ಮೈಸೂರಿನ ದೇವರಾಜ ಮೊಹಲ್ಲಾದಂಥ ಒತ್ತೊತ್ತಾದ ಬೀದಿಗಳಲ್ಲಿ ಬೀಟ್ ಪೇದೆ ಒಂದೇ ಮನೆಯ ಬಾಗಿಲು ಎರಡು ಸಲ ತಟ್ಟಿದರೆ ಅದೇ ಸಾರ್ವಜನಿಕ ಪ್ರಕಟಣೆ. ಅತ್ತ, ಎನ್‌ಸಿಆರ್‌ಬಿ ವರದಿಗಳ ಪ್ರಕಾರವೇ ಅತ್ಯಾಚಾರ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳ ಆರೋಪಿ ಸಂತ್ರಸ್ತೆಗೆ ಪರಿಚಿತ. ಅಪರಿಚಿತನನ್ನು ಹುಡುಕಲು ಕಟ್ಟಿದ ಪಟ್ಟಿ ಆಕೆಗೆ ಎಷ್ಟು ನೆರವಾದೀತು?

ಪಟ್ಟಿಯನ್ನು ದಿನನಿತ್ಯ ಬಳಸುವ ಹೆಡ್ ಕಾನ್‌ಸ್ಟೆಬಲ್‌ಗಳ ನಿಲುವು ಮೇಲಧಿಕಾರಿಗಳದ್ದೇ ಆಗಿರಬೇಕಿಲ್ಲ. ಅದನ್ನು ತಿಳಿಯಲು ಠಾಣಾ ಕಡತಗಳ ಜೊತೆಗೆ ಅವರ ಮಾತನ್ನೂ ಕೇಳಬೇಕು. ಆ ಅಧ್ಯಯನ ಈ ಲೇಖನದ ವ್ಯಾಪ್ತಿಯ ಹೊರಗಿದೆ.