ಕುಲ ಮತ್ತು ಮನುಕುಲ

ಕನ್ನಡದಲ್ಲಿ ‘ಕುಲ’ದಷ್ಟು ದುಡಿದ ಪದ ಕಡಿಮೆ. ಕುಲದೇವರಿಗೆ ಹರಕೆ, ಕುಲಕಸುಬಿಗೆ ಮರ್ಯಾದೆ, ಕೆಟ್ಟುಹೋದ ಕೆಲಸಕ್ಕೆ ‘ಕುಲಗೆಟ್ಟುಹೋಯ್ತು’ ಎಂಬ ಬೈಗುಳ. ಸಂಬಂಧ ಕುದುರಿಸುವವರು ಮೊದಲು ವಿಚಾರಿಸುವುದೂ ಅದನ್ನೇ. ಅದೇ ಪದ ‘ಮನುಕುಲ’ವಾದರೆ ಮಾತ್ರ ಬೇಲಿ ಬಿದ್ದು ಎಲ್ಲರೂ ಒಳಗಾಗುತ್ತಾರೆ.

ಅಂತರರಾಷ್ಟ್ರೀಯ ಕಾನೂನಿಗೆ ಎರಡೂ ಬೇಕು.

ಜರ್ಮನಿಯ ವೋಲ್ಫ್ಸ್‌ಬುರ್ಗ್ 1938ರಲ್ಲಿ ನಾಜಿಗಳು ಫೋಕ್ಸ್‌ವ್ಯಾಗನ್ ಕಾರಿಗಾಗಿ ಕಟ್ಟಿದ ಊರು. ಈ ಹೆಸರು ಬಂದದ್ದು 1945ರಲ್ಲಿ. ಯುದ್ಧಕಾಲದಲ್ಲಿ ಪೋಲೆಂಡ್, ಸೋವಿಯತ್ ನಾಡುಗಳಿಂದ ಹಿಡಿದು ತಂದ ಹೆಂಗಸರೂ ಇಲ್ಲಿನ ಕಾರ್ಖಾನೆಯಲ್ಲಿ ದುಡಿದರು. ಅವರು ಹೆತ್ತ ಕೂಸುಗಳನ್ನು ಕಿತ್ತುಕೊಂಡು ಕಾರ್ಖಾನೆಯ ಶಿಶುಗೃಹಕ್ಕೆ ಹಾಕಲಾಗುತ್ತಿತ್ತು. 1944ರ ಜೂನ್‌ನಲ್ಲಿ ಅದು ಸಮೀಪದ ರ್ಯೂಹೆನ್ ಹಳ್ಳಿಯ ಶೆಡ್ಡುಗಳಿಗೆ ಹೋಯಿತು. ರಾತ್ರಿ ಗೋಡೆಗಳಿಂದ ತಿಗಣೆಗಳು ಇಳಿದು ಕೂಸುಗಳನ್ನು ಮುತ್ತುತ್ತಿದ್ದವು. 300ಕ್ಕೂ ಹೆಚ್ಚು ಕಂದಮ್ಮಗಳು ಸತ್ತವು. ಅವು ಹುಟ್ಟಿದ ಕುಲವೇ ಅವುಗಳ ತಪ್ಪು.

1946ರಲ್ಲಿ ಹೆಲ್ಮ್‌ಸ್ಟೆಟ್‌ನ ಬ್ರಿಟಿಷ್ ಸೇನಾ ನ್ಯಾಯಾಲಯ ಕಾರ್ಖಾನೆಯ ವೈದ್ಯ ಹಾನ್ಸ್ ಕ್ಯೊರ್ಬೆಲ್‌ಗೆ ಮರಣದಂಡನೆ ವಿಧಿಸಿತು. ಆರೋಪ, ಬೇಕೆಂದೇ ಮಾಡಿದ ನಿರ್ಲಕ್ಷ್ಯ. ರಫಾಯೆಲ್ ಲೆಮ್ಕಿನ್ 1944ರ ಪುಸ್ತಕದಲ್ಲಿ ‘ಜೆನೊಸೈಡ್’ ಪದವನ್ನು ಟಂಕಿಸಿದ್ದರೂ ಆ ಹೆಸರಿನ ಅಪರಾಧ ಒಡಂಬಡಿಕೆಯಲ್ಲಿ ದಾಖಲಾದದ್ದು 1948ರ ಡಿಸೆಂಬರ್ 9ರಂದು. ಭಾರತ ಅದನ್ನು 1959ರಲ್ಲಿ ಅನುಮೋದಿಸಿತು. ಗ್ರೀಕಿನ ‘ಗೆನೋಸ್’ ಎಂದರೆ ಕುಲ. ನಮ್ಮ ‘ಜನಾಂಗ’ದಲ್ಲಿರುವ ‘ಜನ’ ಅದರ ದಾಯಾದಿ. ಒಂದು ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶವಿದ್ದರಷ್ಟೇ ಈ ಕಾನೂನು ಅನ್ವಯ. ನೇರ ಕೊಲೆಯೇ ಆಗಬೇಕೆಂದಿಲ್ಲ, ಬದುಕಲಾಗದ ಸ್ಥಿತಿಯನ್ನು ಹೇರುವುದೂ ಪಟ್ಟಿಯಲ್ಲಿದೆ. ಈ ಪಿಡುಗಿನಿಂದ ಮನುಕುಲವನ್ನು ಬಿಡಿಸಬೇಕು ಎನ್ನುತ್ತದೆ ಅದರ ಪೀಠಿಕೆ.

ವೋಲ್ಫ್ಸ್‌ಬುರ್ಗ್‌ನ ಆ ಕಾರ್ಖಾನೆ ಯುದ್ಧಕಾಲದಲ್ಲಿ ವಿ-1 ಹಾರುಬಾಂಬುಗಳನ್ನೂ ತಯಾರಿಸಿತು. ಶಿಶುಗೃಹ ರ್ಯೂಹೆನ್‌ಗೆ ಹೋದ 1944ರ ಅದೇ ಜೂನ್‌ನ 20ರಂದು ಜರ್ಮನಿಯ ವಿ-2 ರಾಕೆಟ್ 100 ಕಿಲೋಮೀಟರ್ ದಾಟಿ ಬಾಹ್ಯಾಕಾಶ ಮುಟ್ಟಿತು. ಅಲ್ಲಿಗೆ ಹೋದ ಮೊದಲ ಮಾನವನಿರ್ಮಿತ ವಸ್ತುವೇ ಯುದ್ಧದ ಆಯುಧ. 1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವುದನ್ನು ನಿಷೇಧಿಸಿ, ಬಾಹ್ಯಾಕಾಶದ ಅನ್ವೇಷಣೆ ಇಡೀ ಮನುಕುಲದ್ದು, ಗಗನಯಾತ್ರಿಗಳು ಮನುಕುಲದ ದೂತರು ಎಂದಿತು.

ನಮ್ಮ ಪತ್ರಿಕೆಗಳಲ್ಲಿ ಬಾಂಬು ಸಿಡಿದರೂ ‘ನರಮೇಧ’, ಜೆನೊಸೈಡ್ ನಡೆದರೂ ‘ನರಮೇಧ’. ಹಾಗಾದಾಗ ಸತ್ತವರ ಲೆಕ್ಕ ಉಳಿಯುತ್ತದೆ, ಯಾವ ಕುಲವನ್ನು ಅಳಿಸಹೊರಟಿದ್ದರು ಎಂಬುದು ಮರೆಯಾಗುತ್ತದೆ. ಸುದ್ದಿಮನೆಯವರು ಆ ಉದ್ದೇಶ ಕಂಡ ಕಡೆ ‘ಜನಾಂಗಹತ್ಯೆ’ ಎಂದೇ ಬರೆಯಲಿ. ಉಳಿದೆಡೆ ‘ಹತ್ಯಾಕಾಂಡ’ ಸಾಕು.